ಜಾಕಿಯ ಪಕ್ಕ ಇರಬೇಕಾದ ಕಲ್ಲು

2025ರ ಸೆಪ್ಟೆಂಬರ್ 15, ಸೋಮವಾರ, ಬೆಳಗ್ಗೆ 9 ಗಂಟೆ 10 ನಿಮಿಷಕ್ಕೆ ತಮಿಳುನಾಡಿನ ಉತ್ತಮಪಾಳಯಂ ಠಾಣೆಗೆ ದೂರು ಬಂತು. ತಂದವನು ಹನುಮಂತನಪಟ್ಟಿಯ ದ್ರಾಕ್ಷಿ ಬೆಳೆಗಾರ ಜೆಯಕುಮಾರ್, ವಯಸ್ಸು ನಲವತ್ತೈದು. ಪಂಚೆಗೆ ಮಣ್ಣು ಮೆತ್ತಿತ್ತು, ಕೈ ಮಾತ್ರ ಸೋಪು ಹಾಕಿ ತೊಳೆದಷ್ಟು ಚೊಕ್ಕಟವಾಗಿತ್ತು.

ಒಂದೇ ಪುಟದ ದೂರು. ಅಣ್ಣ ಕಾಳಿಯಪ್ಪನ್ (56) ಬೆಳಗ್ಗೆ ಸುಮಾರು ಏಳೂವರೆಗೆ ಟ್ರ್ಯಾಕ್ಟರಿನ ಟ್ರೇಲರ್ ಅಡಿ ಸಿಕ್ಕಿ ಸತ್ತಿದ್ದಾನೆ. ಚಕ್ರ ಬಿಚ್ಚಿ ಟ್ರೇಲರನ್ನು ಜಾಕಿಯ ಮೇಲೆ ನಿಲ್ಲಿಸಿದ್ದವನು ಚಾಲಕ ಮಾದವನ್. ಶನಿವಾರ ಲೋಡಿನ ವಿಚಾರಕ್ಕೆ ಅವನಿಗೂ ಅಣ್ಣನಿಗೂ ಟೀ ಅಂಗಡಿಯಲ್ಲಿ ಜಗಳವಾಗಿತ್ತು. ಆ ಹಗೆಗೆ, ಸೀಲ್ ಹೋಗಿ ಎಣ್ಣೆ ಸೋರುತ್ತಿದ್ದ ಜಾಕಿಯನ್ನು ಬೇಕೆಂದೇ ಇಟ್ಟು ಬಸ್ಸು ಹತ್ತಿ ಹೋಗಿದ್ದಾನೆ. ಇಷ್ಟೂ ಸಾಲುಗಳು ನೇರವಾಗಿ, ಒಂದು ಚಿತ್ತೂ ಇಲ್ಲದೆ ಇದ್ದವು.

ಇನ್‌ಸ್ಪೆಕ್ಟರ್ ಅಮುದಾಗೆ ಒಂದು ಅಭ್ಯಾಸ. ದೂರನ್ನು ಎರಡು ಸಲ ಓದುತ್ತಾಳೆ. ಎರಡನೇ ಸಲ ಓದುವಾಗ ದೂರು ಕೊಟ್ಟವನ ಮುಖ ನೋಡುತ್ತಾ ಓದುತ್ತಾಳೆ.

“ಸೀಲ್ ಹೋಗಿದೆ ಅಂತ ನಿಮಗೆ ಹೇಗೆ ಗೊತ್ತಾಯ್ತು?”

“ನೆಲದ ಮೇಲೆ ಎಣ್ಣೆ ಇತ್ತು ಮೇಡಂ.”

“ಯಂತ್ರದ ಕೆಲಸ ಗೊತ್ತಾ?”

“ಇಲ್ಲ ಮೇಡಂ. ನಾವು ದ್ರಾಕ್ಷಿಯೋರು.”

ಹೆಡ್ ಕಾನ್‌ಸ್ಟೆಬಲ್ ಮನೋಜ್‌ಕುಮಾರ್ ಎಫ್‌ಐಆರ್ ದಾಖಲಿಸಿದ. ಕೊಲೆಯಲ್ಲದ ನರಹತ್ಯೆ, ಜಾಮೀನಿಲ್ಲದ ಸೆಕ್ಷನ್. ಊರಿನವರೆಲ್ಲ ಏಟ್ಟಯ್ಯ ಎಂದೇ ಕರೆಯುವ ಈ ಮನುಷ್ಯ ಕಂಬಂ ಕಣಿವೆಯಲ್ಲೇ ಇಪ್ಪತ್ತು ವರ್ಷ ಸವೆಸಿದವನು. ಜೀಪು ಹತ್ತುವಾಗ ಅಂದ, “ಸುಲಭದ ಕೇಸು ಮೇಡಂ. ಮಧ್ಯಾಹ್ನದ ಊಟಕ್ಕೆ ಮುಗಿಯತ್ತೆ.” ಈ ಮಾತು ಹೇಳಿದ ದಿನ ಅವನು ಊಟ ಮಾಡಿದ್ದೇ ಇಲ್ಲ, ಪಾಪ.

9.50ಕ್ಕೆ ಹನುಮಂತನಪಟ್ಟಿ ಮುಟ್ಟಿದರು. ಮನೆ, ಮನೆಗೆ ಅಂಟಿದ ಶೆಡ್ಡು, ಶೆಡ್ಡಿನ ಹಿಂದಿನಿಂದಲೇ ಶುರುವಾಗುವ ದ್ರಾಕ್ಷಿ ಚಪ್ಪರ. ಅದರಾಚೆ ಬೆಟ್ಟ. ಈ ಕಣಿವೆಯಲ್ಲಿ ಎತ್ತ ತಿರುಗಿದರೂ ಕಣ್ಣು ಹೋಗಿ ಬೆಟ್ಟಕ್ಕೇ ಬಡಿಯುತ್ತದೆ. ಶೆಡ್ಡಿನ ಪಕ್ಕ ಇಪ್ಪತ್ತು ಮೂವತ್ತು ಗಂಡಸರು ಒಬ್ಬನನ್ನು ಕಲ್ಲುಕಂಬಕ್ಕೆ ಒತ್ತಿ ಸುತ್ತ ನಿಂತಿದ್ದರು. ಅವನ ತುಟಿ ಒಡೆದಿತ್ತು. ಕೈಯಲ್ಲಿ ಹೊಸ ಬೇರಿಂಗಿನ ಪೊಟ್ಟಣ ಹಾಗೇ ಇತ್ತು, ಅದನ್ನು ಮಾತ್ರ ಬಿಟ್ಟಿರಲಿಲ್ಲ. ಅವನೇ ಮಾದವನ್.

“ಕಲ್ಲು ಇಟ್ಟಿದ್ದೆ ಮೇಡಂ,” ಅಂದ, ಕೇಳುವ ಮೊದಲೇ. “ಕಲ್ಲಿಲ್ಲದೆ ನಾನು ಯಾವತ್ತೂ ಬಿಟ್ಟವನಲ್ಲ.”

“ಯಾವ ಕಲ್ಲು?”

“ಮುರಿದ ಚಪ್ಪರದ ಕಂಬದ ತುಂಡು. ಜಾಕಿಯಲ್ಲಿ ಎತ್ತೋದು, ಅಚ್ಚಿನ ಕೆಳಗೆ ಕಲ್ಲು ನಿಲ್ಲಿಸೋದು, ಆಮೇಲೆ ಜಾಕಿ ಇಳಿಸಿ ಭಾರವೆಲ್ಲ ಕಲ್ಲಿನ ಮೇಲೆ ಕೂರಿಸೋದು. ಜಾಕಿ ಇರೋದು ಎತ್ತೋಕೆ, ಹೊರೋಕೆ ಅಲ್ಲ. ಸತ್ತ ನಮ್ಮ ಯಜಮಾನರೇ ಹೇಳಿಕೊಟ್ಟಿದ್ದು.”

ಅಮುದಾ ಶೆಡ್ಡಿನೊಳಗೆ ನೋಡಿದಳು. ಬಲಗಡೆ ಚಕ್ರವಿಲ್ಲದ ಟ್ರೇಲರಿಗೆ ಊರಿನವರು ದಿಮ್ಮಿ ಕೊಟ್ಟಿದ್ದರು. ಅಚ್ಚಿನ ಕೆಳಗೆ ಜಾಕಿ ನೆಟ್ಟಗೆ ನಿಂತೇ ಇತ್ತು, ಭಾರ ಎತ್ತುವ ಅದರ ಗೂಟ ಪೂರ್ತಿ ಒಳಗಿಳಿದಿತ್ತು. ಎಲ್ಲೂ ಕಲ್ಲಿರಲಿಲ್ಲ.

“ಸುಳ್ಳ!” ಎಂದು ಗುಂಪಿನಲ್ಲಿ ಯಾರೋ ಕೂಗಿದರು. ಜೆಯಕುಮಾರ್ ತಲೆ ತಗ್ಗಿಸಿ ಬಾಗಿಲಲ್ಲಿ ನಿಂತಿದ್ದ. ಅವನ ಭುಜದ ಹತ್ತಿರ ಶೆಡ್ಡಿನ ಬೀಗ ತೂಗುತ್ತಿತ್ತು. ಹಿತ್ತಾಳೆಯದು, ಅಂಗೈಯಗಲ, ಕೈಯಿಂದ ಅರೆದು ಮಾಡಿದ್ದು. ಅಮುದಾ ಬೀಗಕ್ಕೆ ಹೆಸರಾದ ದಿಂಡಿಗಲ್ಲಿನವಳು, ಅಂಥ ಬೀಗ ದೂರದಿಂದಲೇ ಗುರುತು ಹಿಡಿಯುತ್ತಾಳೆ.

“ದಿಂಡಿಗಲ್ ಬೀಗ. ಯಾರು ಮಾಡಿದ್ದು?”

“ನಾನೇ ಮೇಡಂ,” ಅಂದ ಜೆಯಕುಮಾರ್. ಯಂತ್ರದ ಕೆಲಸ ಗೊತ್ತಿಲ್ಲ ಎಂದವನು ಇವನೇ ತಾನೆ ಎಂದು ಅಮುದಾ ಮನಸ್ಸಿನಲ್ಲೇ ಗುರುತು ಹಾಕಿಕೊಂಡಳು.

ಪಂಚನಾಮೆ 10.15ಕ್ಕೆ ಶುರುವಾಯಿತು. ಗ್ರಾಮ ಆಡಳಿತಾಧಿಕಾರಿ ಮತ್ತು ಪಕ್ಕದ ತೋಟದವನು ಪಂಚರು. ಮನೋಜ್‌ಕುಮಾರ್ ಟೇಪು ಹಿಡಿದು ಹೇಳುತ್ತಾ ಹೋದ, ಕಾನ್‌ಸ್ಟೆಬಲ್ ಬರೆಯುತ್ತಾ ಹೋದ. ಜಾಕಿಯ ಬುಡದಲ್ಲಿ ಒಂದು ಸಣ್ಣ ತಿರುಪು ಇರುತ್ತದೆ. ಬಲಕ್ಕೆ ಬಿಗಿದರೆ ಜಾಕಿ ಎತ್ತುತ್ತದೆ, ಎಡಕ್ಕೆ ಸಡಿಲಿಸಿದರೆ ಭಾರ ಇಳಿಯುತ್ತದೆ. ತಿರುಪು ಬಿಗಿಯಾಗಿ ಮುಚ್ಚಿತ್ತು. ಜಾಕಿಯನ್ನು ಎತ್ತಿ ನೋಡಿದರೆ ಅದರ ತಳದ ಗುರುತಿನಲ್ಲಿ ಮಣ್ಣು ಒಣಗಿಯೇ ಇತ್ತು. ಎಣ್ಣೆ ಚೆಲ್ಲಿದ್ದು ಅಲ್ಲಿಂದ ಒಂದೂವರೆ ಅಡಿ ಆಚೆ.

“ಸೋರಿದ ಎಣ್ಣೆ ಎದ್ದು ನಡೆದು ಹೋಯ್ತಾ ಏಟ್ಟಯ್ಯ?” ಅಂದಳು ಅಮುದಾ.

ಮನೋಜ್‌ಕುಮಾರ್ ತಲೆ ಕೆರೆದುಕೊಂಡ. ಊಟದ ಆಸೆ ಆಗಲೇ ಬಿಟ್ಟುಹೋಗಿತ್ತು.

ಅಷ್ಟರಲ್ಲಿ ಜಗುಲಿಯಿಂದ ಒಪ್ಪಾರಿ, ಸಾವಿನ ಹಾಡು, ಎದ್ದಿತು. ಸತ್ತವನ ತಾಯಿ ನಾಗಮ್ಮಾಳ್, ಎಪ್ಪತ್ತೆಂಟರ ಮುದುಕಿ, ಮಗನ ತಲೆಯ ಬಳಿ ಕೂತು ಎದೆ ಬಡಿದುಕೊಂಡು ಹಾಡಿ ಅಳುತ್ತಿದ್ದಳು. ಸೊಸೆ ಪಾಂಡಿಯಮ್ಮಾಳ್ ಪ್ರಜ್ಞೆ ತಪ್ಪಿ ಒಳಗೆ ಮಲಗಿದ್ದಳು. ಠಾಣೆಯಲ್ಲಿ, ಶೆಡ್ಡಿನಲ್ಲಿ ನಡೆದ ಮಾತೆಲ್ಲ ತಮಿಳು. ಮುದುಕಿ ಅಳುತ್ತಿದ್ದದ್ದು ಮಾತ್ರ ಮನೆಮಾತಿನಲ್ಲಿ, ಇಲ್ಲಿನ ಕೆಲವು ಮನೆತನಗಳು ನೂರಾರು ವರ್ಷದಿಂದ ಅಡುಗೆಮನೆಯಲ್ಲಿ ಉಳಿಸಿಕೊಂಡು ಬಂದ ಕನ್ನಡದಲ್ಲಿ.

“ಚಪ್ಪರಕ್ ನಿಂತಿದ್ ಕಲ್ಲೇ, ನಿಮ್ಮಪ್ಪ ನೆಟ್ಟಿದ್ ಕಲ್ಲೇ, ಕಾಪ್ಪಿ ತಂದಾಗ ನೋಡಿದ್ನಲ್ಲಾ, ಬಂಡಿ ಕೆಳ್ಗೆ ನಿಂತಿದ್ಯಲ್ಲಾ...”

ಅಮುದಾ ಕಿವಿಗೊಟ್ಟಳು. ಅವಳದೂ ಅಂಥದೇ ಮನೆ. ಅವ್ವನ ತೊಡೆಯ ಮೇಲೆ ಕೇಳಿ ಬೆಳೆದ ಮಾತು, ಪೂರಾ ತಿಳಿಯುತ್ತದೆ, ಬಾಯಿ ತೆರೆದರೆ ತಡವರಿಸುತ್ತದೆ. ಠಾಣೆಯಲ್ಲಿ ಯಾರಿಗೂ ಇದು ಗೊತ್ತಿರಲಿಲ್ಲ. ಅವಳ ಕಣ್ಣು ತಾನೇ ತಾನಾಗಿ ಟ್ರೇಲರಿನ ಕೆಳಕ್ಕೆ ಹೋಗಿ ಬಂತು.

ಅವ್ವ ಹೇಳುತ್ತಿದ್ದ ಇನ್ನೊಂದು ಮಾತೂ ನೆನಪಾಯಿತು. ಒಪ್ಪಾರಿಯಲ್ಲಿ ಹೆಂಗಸು ಏನು ಬೇಕಾದರೂ ಅನ್ನಬಹುದು, ಗಂಡನನ್ನು ಬಯ್ಯಬಹುದು, ಊರನ್ನು ಬಯ್ಯಬಹುದು. ಆದರೆ ಅಳು ನಿಂತ ಮೇಲೆ ಅದರ ಬಗ್ಗೆ ಯಾರೂ ಕೇಳಕೂಡದು, ಅವಳೂ ಹೇಳಕೂಡದು. ಆದರೂ ಹತ್ತಿರ ಹೋಗಿ ತಮಿಳಿನಲ್ಲೇ ಕೇಳಿದಳು, “ಅಮ್ಮಾ, ಬೆಳಗ್ಗೆ ಏನಾದರೂ ನೋಡಿದ್ರಾ?”

ನಾಗಮ್ಮಾಳ್ ಸೆರಗಿನಿಂದ ಮುಖ ಒರೆಸಿಕೊಂಡಳು. “ನನ್ನ ಕಣ್ಣು ಮಂಜು ತಾಯಿ. ಏನೂ ನೋಡಿಲ್ಲ.”

ಬೆಳಗ್ಗೆ 11ಕ್ಕೆ ಮಾದವನ್‌ನನ್ನು ವಶಕ್ಕೆ ತೆಗೆದುಕೊಂಡರು. ಅಲ್ಲೇ ಬಿಟ್ಟು ಬಂದಿದ್ದರೆ ಆ ಗುಂಪು ಅವನನ್ನು ಜೀವಂತ ಉಳಿಸುತ್ತಿರಲಿಲ್ಲ. ಅಲ್ಲಿಂದ ಇಪ್ಪತ್ತನಾಲ್ಕು ಗಂಟೆ ಲೆಕ್ಕ. ಮಂಗಳವಾರ 11ರೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಆಗಲೂ ಕೈಯಲ್ಲಿ ಇದೇ ದೂರು, ಇದೇ ಜಾಕಿ ಇದ್ದರೆ ಅವನು ನೇರ ಜೈಲಿಗೆ. ಕಲ್ಲಿಟ್ಟಿದ್ದೆ ಎಂದು ಅವನೊಬ್ಬ ಹೇಳಿದರೆ ಯಾರು ನಂಬುತ್ತಾರೆ!

ಹಿಂದೆಯೇ ಅವನ ಹೆಂಡತಿ ತಮಿಳರಸಿ ಠಾಣೆಗೆ ಬಂದಳು. ಅಳಲಿಲ್ಲ. ಒಂದು ಪ್ಲಾಸ್ಟಿಕ್ ಡಬ್ಬಿ ತಂದು ಮೇಜಿನ ಮೇಲೆ ಕುಕ್ಕಿದಳು.

“ಏನಮ್ಮ ಇದು?”

“ಜಾಕಿ ಎಣ್ಣೆ ಮೇಡಂ. ಶೆಡ್ಡಲ್ಲಿಟ್ಟರೆ ಯಾರಾದರೂ ಬ್ರೇಕ್ ಎಣ್ಣೆನೋ ಸುಟ್ಟ ಎಣ್ಣೆನೋ ಬೆರೆಸಿಬಿಡ್ತಾರೆ, ರಬ್ಬರ್ ತಿಂದುಹಾಕತ್ತೆ ಅಂತ ಅಕ್ಕಿ ಡಬ್ಬಿ ಪಕ್ಕ ಇಡ್ತಾರೆ ನಮ್ಮನೆಯವರು. ಅಕ್ಕಿಗೆ ವಾಸನೆ ಹತ್ತಿ ನಾನು ಎಷ್ಟು ಸಲ ಜಗಳ ಆಡಿದ್ದೀನಿ! ಇಂಥವರು ಸೋರೋ ಜಾಕಿ ಇಡ್ತಾರಾ? ನೀವೇ ಹೇಳಿ.”

ಅಮುದಾ ಡಬ್ಬಿ ಎತ್ತಿ ನೋಡಿದಳು. ಇದೇ ಎಣ್ಣೆ ಹಾಕಿ ಜಾಕಿ ನಿಲ್ಲುತ್ತದಾ ನೋಡೋಣ ಎಂದು ಥಟ್ಟನೆ ಎದ್ದಳು.

ತೇನಿಯಿಂದ ಬಂದ ಬೆರಳಚ್ಚಿನವರು ಜಾಕಿ, ಹಿಡಿ ಎರಡರ ಮೇಲೂ ಅರ್ಧ ಮನೆಯವರ ಬೆರಳಚ್ಚು ಸಿಕ್ಕಿತು ಎಂದು ಹೇಳಿ 12.30ಕ್ಕೆ ಹೋದರು. ಅವರು ಹೋದ ಮೇಲೆ ಪಂಚರನ್ನು ಕರೆಸಿ, ಫೋನಿನಲ್ಲಿ ಚಿತ್ರೀಕರಿಸುತ್ತಾ, ಠಾಣೆಯ ಅಂಗಳದಲ್ಲಿ ಕೆಟ್ಟು ನಿಂತಿದ್ದ ಹಳೇ ಜೀಪನ್ನು ಎತ್ತಿ ಜಾಕಿಯ ಪರೀಕ್ಷೆ. ಹೇಳಿಕೊಡುವವನು ಯಾರು? ಲಾಕಪ್ಪಿನ ಸರಳಿಗೆ ಮುಖ ಒತ್ತಿಕೊಂಡು ನಿಂತಿದ್ದ ಮಾದವನೇ.

“ತಿರುಪು ಸಡಿಲ ಮಾಡಿ ಏಟ್ಟಯ್ಯ. ಗೂಟ ಪೂರ್ತಿ ಇಳೀಲಿ. ಜಾಕಿ ನೆಟ್ಟಗೆ ನಿಲ್ಲಿಸಿ, ಮಲಗಿಸಬೇಡಿ. ಪಕ್ಕದ ರಬ್ಬರ್ ಬಿರಡೆ ತೆಗೀರಿ. ಎಣ್ಣೆ ಎಷ್ಟಿದೆ?”

“ಅರ್ಧ ಲೋಟ ಕಮ್ಮಿ.”

“ತೂತಿನ ಅಂಚಿನವರೆಗೆ ಹಾಕಿ. ಈಗ ಖಾಲಿ ಹಿಡಿ ಆರೇಳು ಸಲ ಒತ್ತಿ, ಒಳಗಿನ ಗಾಳಿ ಹೋಗಲಿ. ಬಿರಡೆ ಹಾಕಿ. ತಿರುಪು ಬಿಗೀರಿ. ಕೆಳಗೆ ಗಟ್ಟಿ ನೆಲ ಇದೆ ತಾನೆ? ಬೇರೆ ಚಕ್ರಗಳಿಗೆ ಅಡ್ಡ ಕಲ್ಲು ಕೊಡಿ. ಅಯ್ಯೋ, ಜೀಪಿನ ಕೆಳಗೂ ಒಂದು ಕಲ್ಲು ನಿಲ್ಲಿಸಿ ಏಟ್ಟಯ್ಯ, ನಿಮ್ಮ ಕಾಲು ಜೋಪಾನ!”

“ಲೇ, ನಿನ್ನ ಕುತ್ತಿಗೆ ಜೋಪಾನ ಮಾಡ್ಕೊಳ್ಳೋ ಮೊದಲು,” ಎಂದು ಮನೋಜ್‌ಕುಮಾರ್ ಗೊಣಗಿದ. ಆದರೂ ಕಲ್ಲು ನಿಲ್ಲಿಸಿದ, ಅರ್ಧ ಇಂಚು ಸಂದು ಬಿಟ್ಟು.

1 ಗಂಟೆ 5 ನಿಮಿಷಕ್ಕೆ ನೆಲದಿಂದ ಅಚ್ಚಿಗೆ ಮೂವತ್ತೊಂದು ಸೆಂಟಿಮೀಟರ್. ತಮಿಳರಸಿ ಬೇವಿನ ನೆರಳಲ್ಲಿ ಕೂತು ಜೀಪನ್ನೇ ನೋಡುತ್ತಿದ್ದಳು. ಎರಡಾಯಿತು, ಮೂರಾಯಿತು. ಒಳಗಿನಿಂದ ಮಾದವನ್ ಅರ್ಧ ಗಂಟೆಗೊಮ್ಮೆ ಕೇಳುತ್ತಿದ್ದ, “ನಿಂತಿದೆಯಾ?” ಅವನಿಗೆ ಜೀಪು ಕಾಣುತ್ತಿರಲಿಲ್ಲ. ಯಾರಾದರೂ ‘ನಿಂತಿದೆ’ ಎನ್ನುವ ತನಕ ಉಸಿರು ಬಿಡುತ್ತಿರಲಿಲ್ಲ. 4 ಗಂಟೆ 5 ನಿಮಿಷಕ್ಕೆ ಮನೋಜ್‌ಕುಮಾರ್ ಮತ್ತೆ ಟೇಪು ಹಿಡಿದ. ಮೂವತ್ತೊಂದು. ಒಂದು ಕೂದಲೆಳೆಯೂ ಇಳಿದಿರಲಿಲ್ಲ.

“ಸೀಲ್ ಸರಿಯಿದೆ,” ಅಂದಳು ಅಮುದಾ. “ಬೆಳಗ್ಗೆ ತಿರುಪು ಮುಚ್ಚಿತ್ತು. ಸೀಲ್ ಸರಿಯಿದ್ದು, ತಿರುಪು ಮುಚ್ಚಿದ್ದರೆ ಟ್ರೇಲರ್ ಇಳಿಯೋದು ಹೇಗೆ? ಯಾರೋ ತೆರೆದಿದ್ದಾರೆ. ಇಳಿಸಿ ಮತ್ತೆ ಮುಚ್ಚಿದ್ದಾರೆ. ಬಿರಡೆ ತೆಗೆದು ಎಣ್ಣೆ ಚೆಲ್ಲಿದ್ದಾರೆ.”

ಅಷ್ಟರಲ್ಲಿ ಟೌನ್ ಬಸ್ಸಿನ ಕಂಡಕ್ಟರನ ಹೇಳಿಕೆಯೂ ಬಂತು. ಮಾದವನ್ 7 ಗಂಟೆಯ ಬಸ್ಸು ಹತ್ತಿದ್ದು ನಿಜ. ಬೇರಿಂಗ್ ಅಂಗಡಿಯವನೂ ಹೌದೆಂದ.

“ಇವನು ತೆರೆದಿಲ್ಲ ಅಂತಾಯ್ತು,” ಅಂದ ಮನೋಜ್‌ಕುಮಾರ್. “ಆದರೆ ಕಲ್ಲೇ ಇಡದೆ ಹೋಗಿದ್ದ ಅಂತ ವಾದ ಮಾಡಿದರೆ ಸಿಕ್ಕಿಬೀಳ್ತಾನೆ ಮೇಡಂ. ಕಲ್ಲು ಬೇಕು.”

5.30ಕ್ಕೆ ಶವಪರೀಕ್ಷೆ ಮುಗಿಸಿ ಹೆಣ ಮನೆಗೆ ಬಂತು. ಅಮುದಾ ಮನೋಜ್‌ಕುಮಾರನೊಂದಿಗೆ ಜಗುಲಿಯ ಕೊನೆಯಲ್ಲಿ ನಿಂತಳು. ಜೆಯಕುಮಾರ್ ಚಟ್ಟದ ಬಿದಿರು ಕಟ್ಟುವವರಿಗೆ ಹಗ್ಗ ಕೊಡುತ್ತಿದ್ದ. ನಾಗಮ್ಮಾಳ್ ತಲೆಯೆತ್ತಿ ಒಮ್ಮೆ ಅಮುದಾಳನ್ನು ನೋಡಿದಳು. ಆಮೇಲೆ ಎದೆ ಬಡಿದುಕೊಂಡು ಶುರು ಮಾಡಿದಳು.

“ಬಂಡಿ ಕೆಳ್ಗೆ ನಿಂತಿದ್ ಕಲ್ಲೇ, ಬಳ್ಳಿ ಕೆಳ್ಗ್ಯಾಕ್ ಮಲ್ಗಿದ್ದೀಯೇ? ಬಾವಿ ಸಾಲಲ್ ಮೂರ್ನೇ ಕಂಬ, ಅದ್ರ ಕಾಲಲ್ ಮಲ್ಗಿದ್ದೀಯೇ? ಹೊತ್ಕೊಂಡೋದ್ ಕೈಯಿ ಯಾವ್ದೇ? ನಾ ಹೆತ್ತ ಕೈಯೇ, ನಾ ತೊಳ್ದ ಕೈಯೇ...”

ಹಗ್ಗ ಕೊಡುತ್ತಿದ್ದ ಜೆಯಕುಮಾರನ ಕೈ ಅಲ್ಲೇ ಉಳಿಯಿತು. ತಾಯಿಯ ಕಡೆ ತಿರುಗಿದ. ತಾಯಿ ಅವನ ಕಡೆ ತಿರುಗಲೇ ಇಲ್ಲ. ಸುತ್ತ ಕೂತ ಹೆಂಗಸರೆಲ್ಲ ಕೇಳಿದರು, ಎಲ್ಲರಿಗೂ ತಿಳಿಯಿತು, ಎಲ್ಲರೂ ತಲೆ ಬಗ್ಗಿಸಿ ಅಳುವುದನ್ನು ಜೋರು ಮಾಡಿದರು. ಪೊಲೀಸಿನವರಿಗೆ ಈ ಮಾತೆಲ್ಲಿ ಬರಬೇಕು ಎಂಬ ಧೈರ್ಯ ಅವರದು. ಅಮುದಾಗೆ ಪ್ರತಿ ಮಾತೂ ತಿಳಿದಿತ್ತು. ಕೇಳದವಳಂತೆ ಇದ್ದುಬಿಟ್ಟರೆ ಈ ಮುದುಕಿಗೆ ಒಬ್ಬ ಮಗನಾದರೂ ಉಳಿಯುತ್ತಾನೆ. ಆದರೆ ಠಾಣೆಯಲ್ಲಿ ಸರಳು ಹಿಡಿದು ನಿಂತವನು ಇದ್ದಾನಲ್ಲ, ಅವನು ಏನು ತಪ್ಪು ಮಾಡಿದ್ದ?

“ಏಟ್ಟಯ್ಯ, ಪಂಚರನ್ನು ಕರೀರಿ. ಬಾವಿ ಸಾಲು, ಮೂರನೇ ಕಂಬ.”

“ನಿಮಗೆ ಹೇಗೆ ಗೊತ್ತು ಮೇಡಂ?”

“ಹೇಳಿದರು.”

ಮನೋಜ್‌ಕುಮಾರ್ ಸುತ್ತ ನೋಡಿದ. ಅವನಿಗೆ ಕೇಳಿಸಿದ್ದು ಬರೀ ಅಳು. ಆದರೂ ಹೋದ. ಪನ್ನೀರ್ ದ್ರಾಕ್ಷಿಯ ಗೊಂಚಲು ತಲೆಗೆ ತಗಲುವ ಚಪ್ಪರದಡಿ, ಮೂರನೇ ಕಂಬದ ಬುಡದಲ್ಲಿ ಒಂದೂವರೆ ಅಡಿ ಉದ್ದದ ಕಲ್ಲಿನ ತುಂಡು ಅಡ್ಡ ಮಲಗಿತ್ತು. ಹೊರಳಿಸಿದರೆ ಒಂದು ತುದಿಯಲ್ಲಿ ಹಸಿ ಗ್ರೀಸು, ಅದಕ್ಕೆ ಅಂಟಿದ ಟ್ರೇಲರಿನ ನೀಲಿ ಬಣ್ಣ. ಸಂಜೆ 6 ಗಂಟೆ 10 ನಿಮಿಷ, ಎರಡನೇ ಪಂಚನಾಮೆ.

ಅಮುದಾ ಜೆಯಕುಮಾರನನ್ನು ಆಗಲೇ ಹಿಡಿಯಲಿಲ್ಲ. ಅಣ್ಣನಿಗೆ ಮಕ್ಕಳಿರಲಿಲ್ಲ, ಕೊಳ್ಳಿ ಇಡಬೇಕಾದವನು ಅವನೇ. ಇಬ್ಬರು ಕಾನ್‌ಸ್ಟೆಬಲ್‌ಗಳು ಸಾದಾ ಉಡುಪಿನಲ್ಲಿ ಅವನ ಹಿಂದೆ ಸ್ಮಶಾನಕ್ಕೆ ನಡೆದರು. 7.20ಕ್ಕೆ ವಾಪಸು ಬಂದು ಬಾವಿಯ ಕಟ್ಟೆಯಲ್ಲಿ ಮಿಂದು ಎದ್ದ ಜೆಯಕುಮಾರ್, ಎದುರು ಅಮುದಾ ನಿಂತಿದ್ದು ಕಂಡು ಒದ್ದೆ ಪಂಚೆಯಲ್ಲೇ ನಿಂತ.

“ಕಲ್ಲು ಸಿಕ್ಕಿದೆ.”

“ಹ್ಞೂಂ.”

“ಕಲ್ಲು ತೆಗೆದದ್ದು ಯಾರು?”

“ನಾನು. ಅಣ್ಣನೇ ತೆಗಿ ಅಂದ. ಕೆಳಗೆ ಮಲಗಿ ಸ್ಪ್ರಿಂಗ್ ಪಟ್ಟೆಯ ಬೋಲ್ಟು ಬಿಚ್ಚುತ್ತಿದ್ದ. ಕಲ್ಲು ಸ್ಪ್ಯಾನರಿಗೆ ಅಡ್ಡ ಬರತ್ತೆ, ಜಾಕಿ ಏರಿಸಿ ಕಲ್ಲು ಸರಿಸು ಅಂದ. ಮಾದವನ್ ಇದ್ದಿದ್ದರೆ ಒಪ್ಪುತ್ತಿರಲಿಲ್ಲ.”

“ತಿರುಪು?”

“ನಾನೇ.”

“ಮತ್ತೆ ಯಾಕೆ ಮುಚ್ಚಿದೆ?”

ಅವನು ತನ್ನ ಕೈಯನ್ನೇ ನೋಡಿಕೊಂಡ. “ಬೀಗ ಮಾಡಿದ ಕೈ ಮೇಡಂ. ತೆರೆದದ್ದನ್ನು ಮುಚ್ಚದೆ ಇರಕ್ಕಾಗಲ್ಲ.”

ಆ ಹೊತ್ತಿಗೇ ಬಂಧನ. ಸೆಕ್ಷನ್ ಕೊಲೆಗೆ ಮಾರ್ಪಾಡಾಯಿತು. ಠಾಣೆಯಲ್ಲಿ ಅವನು ಕೊಟ್ಟ ಹೇಳಿಕೆ ಎರಡು ಪುಟ ದಾಟಲಿಲ್ಲ. ಇಪ್ಪತ್ತಮೂರು ವರ್ಷದ ಕೆಳಗೆ ದಿಂಡಿಗಲ್ಲಿನಲ್ಲಿ ಬೀಗದ ಕೆಲಸ ಕಲಿಯುತ್ತಿದ್ದ. ಅಪ್ಪ ಸತ್ತಾಗ ಅಣ್ಣ ಕರೆಸಿಕೊಂಡ, ‘ಈ ಕೊಯ್ಲು ಮುಗೀಲಿ, ಹೋಗುವೆಯಂತೆ’ ಎಂದು. ಕಂಬಂ ಕಣಿವೆಯ ದ್ರಾಕ್ಷಿಗೆ ಕೊಯ್ಲು ಮುಗಿಯುವುದೆಂಬುದೇ ಇಲ್ಲ. ಒಂದು ತೋಟ ಕೊಯ್ದಾಗ ಇನ್ನೊಂದು ಚಿಗುರಿರುತ್ತದೆ, ವರ್ಷಕ್ಕೆ ಮೂರು ಸಲ. ಅಣ್ಣ ಕೆಟ್ಟವನಲ್ಲ, ಒಂದು ದಿನ ಬಯ್ದವನೂ ಅಲ್ಲ. ಕೇಳಿದಾಗಲೆಲ್ಲ ನಕ್ಕು ಅದೇ ಮಾತು. ಬೀಗ ಕಲಿಸಿದ ಮುದುಕ ಕೈ ನಡುಗುತ್ತದೆಂದು ತನ್ನ ಬೀಗದ ಅಂಗಡಿಯನ್ನು ಇವನಿಗೇ ಬಿಟ್ಟುಕೊಡುತ್ತೇನೆ ಎಂದು ಹೇಳಿ ಕಳಿಸಿದ್ದ. ‘ಅವನು ಬರಲ್ಲ’ ಎಂದು ಅಣ್ಣ ಇವನನ್ನು ಕೇಳದೆಯೇ ಉತ್ತರ ಕೊಟ್ಟಿದ್ದ. ಅದು ಇವನಿಗೆ ತಿಳಿದದ್ದು ಭಾನುವಾರ.

ಸೋಮವಾರ ಬೆಳಗ್ಗೆ, ಕಲ್ಲು ಸರಿಸಿ ಆದಮೇಲೆ, ಜಾಕಿಯ ಹಿಡಿ ಕೈಯಲ್ಲಿರುವಾಗ, ಇನ್ನೊಂದು ಸಲ ಕೇಳಿದ. ‘ಅಣ್ಣಾ, ನಾ ಹೋಗ್ಲಾ?’ ಟ್ರೇಲರಿನ ಕೆಳಗಿನಿಂದ ಅಣ್ಣ ನಗುತ್ತಲೇ ಅಂದ, ‘ಈ ಕೊಯ್ಲೊಂದ್ ಮುಗೀಲಿ ತಂಬಿ.’

ಹೇಳಿಕೆಯಲ್ಲಿ ಅದಾದ ಮೇಲೆ ಬರೆದದ್ದು ಒಂದೇ ಸಾಲು: ‘ತಿರುಪು ಎಡಕ್ಕೆ ತಿರುಗಿಸಿದೆ.’

ಮಂಗಳವಾರ ಬೆಳಗ್ಗೆ 10.20ಕ್ಕೆ ಮ್ಯಾಜಿಸ್ಟ್ರೇಟರಿಗೆ ವರದಿ ಸಲ್ಲಿಸಿ ಮಾದವನ್‌ನನ್ನು ಬಿಡಿಸಿದರು. ಅವನು ಹೋಗುವಾಗ ಜೀಪಿನ ಕೆಳಗೆ ಬಗ್ಗಿ ನೋಡಿ, “ಅಡ್ಡ ಕಲ್ಲು ತೆಗೆಯೋದು ಮರೆತಿದ್ದೀರಿ ಏಟ್ಟಯ್ಯ,” ಎಂದು ತಾನೇ ತೆಗೆದಿಟ್ಟ. ತಮಿಳರಸಿ ಎಣ್ಣೆ ಡಬ್ಬಿ ವಾಪಸು ಕೇಳಿದಳು. ಅದು ಕೇಸಿನ ಸೊತ್ತು ಎಂದದ್ದಕ್ಕೆ, “ಇರಲಿ ಬಿಡಿ, ಅಕ್ಕಿಯಾದರೂ ಉಳೀತು,” ಎಂದು ಮೊದಲ ಸಲ ಅತ್ತಳು.

ಅದೇ ಲಾಕಪ್ಪಿನಲ್ಲಿ, ಕೋರ್ಟಿಗೆ ಹೊರಡಲು ಕಾಯುತ್ತಾ ಈಗ ಜೆಯಕುಮಾರ್ ಕೂತಿದ್ದ. ಬಾಗಿಲಿನ ಬೀಗವನ್ನು ಬಹಳ ಹೊತ್ತಿನಿಂದ ನೋಡುತ್ತಿದ್ದವನು, “ಇದರ ಲಿವರ್ ಸವೆದಿದೆ ಮೇಡಂ, ಎಣ್ಣೆ ಬಿಡಿಸಿ,” ಅಂದ. ಅಷ್ಟರಲ್ಲಿ ಮೆಟ್ಟಿಲ ಮೇಲೆ ಊಟದ ತೂಕುಪಾತ್ರೆ ಹಿಡಿದ ನಾಗಮ್ಮಾಳ್ ಕಂಡಳು. ಒಬ್ಬಳೇ ಬಸ್ಸಿನಲ್ಲಿ ಬಂದಿದ್ದಳು.

ಅಮುದಾ ಎದ್ದು ಹೋಗಿ ಕೈ ಹಿಡಿದಳು. ವರ್ಷಗಳಿಂದ ಬಾಯಿಗೆ ಬಾರದಿದ್ದ ಮಾತು ತಡವರಿಸುತ್ತಾ ಹೊರಬಂತು. “ಅವ್ವಾ... ನಂಗೆ ನಿಮ್ ಮಾತು... ತಿಳೀತದೆ. ನೆನ್ನೆ ನಾ ಹೇಳ್ಬೇಕಾಗಿತ್ತು. ಹೇಳ್ದೆ ಕೇಳ್ಕೊಂಡ್ಬಿಟ್ಟೆ. ತಪ್ಪಾಯ್ತು.”

ಮುದುಕಿ ಅವಳ ಮುಖವನ್ನು ಹತ್ತಿರದಿಂದ ನೋಡಿದಳು. ಆ ಕಣ್ಣಿನಲ್ಲಿ ಮಂಜೇನೂ ಇರಲಿಲ್ಲ.

“ಗೊತ್ತು ಕಣ್ಣೇ. ನಿನ್ನೆ ಬೆಳಿಗ್ಗೆ ನಾ ಕಲ್ಲು ಅಂದಾಗ್ಲೇ ನಿನ್ ಕಣ್ಣು ಬಂಡಿ ಕೆಳ್ಗೋಯ್ತು. ಇವ್ಳು ನಮ್ಮೋಳು ಅಂತ ಆಗ್ಲೇ ತಿಳ್ಕೊಂಡೆ.”

“ಅದಕ್ಕೇನಾ ಸಂಜೆ...”

“ಬಾಯ್ಬಿಟ್ ಹೇಳಕ್ ನನ್ ಕೈಲಾಗ್ಲಿಲ್ಲ. ಹೆತ್ತಿದ್ದೀನಲ್ಲಾ. ಆದ್ರೆ ಮಾದವನ್ನೂ ಒಬ್ಳು ಹೆತ್ತವ್ಳೇ.” ತೂಕುಪಾತ್ರೆಯನ್ನು ಮುಂದೆ ಚಾಚಿದಳು. “ಮೊಸರನ್ನ. ನಿನ್ನೆಯಿಂದ ನನ್ ಚಿಕ್ ಮಗ ಏನೂ ತಿಂದಿಲ್ಲ. ಕೊಡ್ಬೋದಾ?”

ಅಮುದಾ ಪಾತ್ರೆ, ಬೀಗದ ಕೈ ತೆಗೆದುಕೊಂಡು ಲಾಕಪ್ಪಿನ ಕಡೆ ನಡೆದಳು. ನಾಗಮ್ಮಾಳ್ ಹಿಂದೆ ಬರಲಿಲ್ಲ. ಮೆಟ್ಟಿಲ ಮೇಲೇ ಕೂತು, ಪಾತ್ರೆ ಖಾಲಿಯಾಗಿ ಬರುವ ತನಕ ಕಾದಳು.